ಅರ್ಧ ಟವೆಲ್ಲು

ಜೂನ್ 9, ಸೋಮವಾರ

ಬಾಲವಾಡಿಗೆ ಹದಿನಾಲ್ಕು ಮಕ್ಕಳು ಬಂದರು. ಅತ್ತವರು ಆರು. ಹೋದ ಸೋಮವಾರ ಒಂಬತ್ತು ಇದ್ದರು. ಇಳಿಮುಖ. ಹನುಮೇಶ್ ತನಗೆ ಅಳು ಬಂದು ಅತ್ತದ್ದಲ್ಲ, ಪಕ್ಕದವಳು ಅತ್ತಳೆಂದು ಅತ್ತ. ಅವನನ್ನು ಸೇರಿಸಬೇಕೋ ಬೇಡವೋ... ಸೇರಿಸಿದ್ದೇನೆ.

ಪಕ್ಕದವಳು ಹೊಸಬಳು. ದೇವಿಕಾ. ಮೂರು ವರ್ಷ ನಾಲ್ಕು ತಿಂಗಳು. ತಾಯಿ ಜಂಬಕ್ಕ, ಕೂಲಿ. ಈಗ ಬಾಳೆ ತೋಟ, ಕಾಲುವೆಗೆ ನೀರು ಬಿಟ್ಟ ಮೇಲೆ ಭತ್ತದ ನಾಟಿ. ತಂದೆ ತೀರಿಕೊಂಡು ಎರಡು ವರ್ಷ. ಮನೆಯಲ್ಲಿ ಇನ್ನಿರುವುದು ತಾಯಿಯ ಅಪ್ಪ ಮೂಕಣ್ಣ, ಕಡ್ಡಿರಾಂಪುರದ ಒಂದು ಹೋಮ್‌ಸ್ಟೇಯಲ್ಲಿ ಹಗಲು ವಾಚ್‌ಮನ್.

ಗೇಟು ಹಿಡಿದು ಮುಕ್ಕಾಲು ಗಂಟೆ ಅತ್ತಳು. ಅಡುಗೆಯ ಸುವರ್ಣಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಸುಧಕ್ಕ, ಈ ಕೂಸಿನ ಗಂಟಲಿಗೆ ಮೈಕ್ ಬ್ಯಾಡ. ಹೊಸಪೇಟಿ ಬಸ್ ಸ್ಟ್ಯಾಂಡಿನಾಗ ಕುಂದ್ರಿಸಿದ್ರ ಬಳ್ಳಾರಿ ಬಸ್ಸಿನಾಗ ಕುಂತೋರು ಇಳದು ಬರ್ತಾರ."

ಮಧ್ಯಾಹ್ನ ಅನ್ನ ಮುಟ್ಟಲಿಲ್ಲ. ನಾಳೆ ಜಂಬಕ್ಕನಿಗೆ ಗೂಟದ ವಿಷಯ ಹೇಳಬೇಕು.

ಜೂನ್ 10, ಮಂಗಳವಾರ

ಹೇಳಿದೆ. ನಮ್ಮ ಕೋಣೆಯ ಗೋಡೆಯಲ್ಲಿ, ಮಕ್ಕಳ ಎದೆಮಟ್ಟಕ್ಕೆ, ಮರದ ಗೂಟಗಳ ಸಾಲಿದೆ. ಒಂದೊಂದು ಮಗುವಿಗೆ ಒಂದೊಂದು. ಸೋಮವಾರ ಬೆಳಿಗ್ಗೆ ತಾಯಿ ತನ್ನದೊಂದು ವಸ್ತು ಅದಕ್ಕೆ ಸಿಕ್ಕಿಸಿ ಹೋಗಬೇಕು. ದಿನಾ ತನ್ನ ಮೈಮೇಲೆ ಇರುವಂಥದ್ದು. ಹನುಮೇಶನ ಗೂಟದಲ್ಲಿ ಅವನವ್ವನ ಕೂದಲ ಕ್ಲಿಪ್ಪು. ಕಾವ್ಯಳದರಲ್ಲಿ ಅವಳ ತಾಯಿಯ ಹಳೆ ವೇಲು. ಮಗು ಅದನ್ನು ಎಷ್ಟು ಸಲ ಬೇಕಾದರೂ ಮುಟ್ಟಬಹುದು, ಹಿಡಿದು ಮಲಗಬಹುದು. ಶನಿವಾರ ತಾಯಂದಿರು ವಾಪಸ್ ಒಯ್ದು ಸೋಮವಾರ ತರುತ್ತಾರೆ. ಏಳು ವರ್ಷದಿಂದ ಹೀಗೆ ನಡೆದಿದೆ.

ಜಂಬಕ್ಕ ಕೇಳಿ ನಕ್ಕಳು. "ನನ್ನತ್ರ ಏನೈತ್ರಿ ಅಕ್ಕಾರ, ಬಿಟ್ಟು ಹೋಗಾಕ?" ಆಮೇಲೆ ತಲೆಗೆ ಸುತ್ತಿದ್ದ ಕೆಂಪು ಚೌಕುಳಿ ಟವೆಲ್ ಬಿಚ್ಚಿದಳು. ಹಲ್ಲಿನಿಂದ ಅಂಚು ಕಚ್ಚಿ ನಡುವೆ ಹರಿದಳು. ಅರ್ಧ ತಲೆಗೆ, ಅರ್ಧ ಗೂಟಕ್ಕೆ.

"ನೋಡ್ಲೇ ದೇವಿ. ಇದು ಇಲ್ಲೈತಿ ಅಂದ್ರ ನಾ ಬರಾಕ ಬೇಕು. ಅರ್ಧ ಟವೆಲ್ಲಿಗೆ ಬಿಸಿಲು ನಿಲ್ತದೇನು?"

ಇವತ್ತು ಅತ್ತದ್ದು ಹತ್ತು ನಿಮಿಷ.

ಜೂನ್ 20, ಶುಕ್ರವಾರ

ಅತ್ತವರು ಒಬ್ಬರು. (ಹನುಮೇಶ್. ಇರುವೆ ಕಚ್ಚಿ. ಸೇರಿಸದಿದ್ದರೆ ಸೊನ್ನೆ.)

ದೇವಿಕಾಗೆ ಬೆರಳಿನ ಲೆಕ್ಕ ಬಂದಿದೆ. ಕಿರುಬೆರಳು ಹಾಡು, ಉಂಗುರದ ಬೆರಳು ಊಟ, ನಡುಬೆರಳು ನಿದ್ದೆ, ತೋರುಬೆರಳು ಗಂಟೆ, ಹೆಬ್ಬೆರಳು ಅವ್ವ. ಗಡಿಯಾರ ಗೊತ್ತಿಲ್ಲದವರಿಗೆ ನಾವು ಕಲಿಸುವ ಗಡಿಯಾರ ಇದು. ಒಂದೊಂದು ಮುಗಿದಂತೆ ಒಂದೊಂದು ಬೆರಳು ಮಡಚಬೇಕು. ನಾಲ್ಕೂವರೆಗೆ ಗಂಟೆ ಹೊಡೆದಾಗ ಹೆಬ್ಬೆರಳೊಂದೇ ನಿಂತಿರುತ್ತದೆ. ಅದನ್ನು ಹಿಡಿದುಕೊಂಡು ಗೇಟಿಗೆ ಓಡುತ್ತಾರೆ.

ಇಲ್ಲಿ ಎಲ್ಲರಿಗೂ ಒಂದು ನಿಯಮ. ಸುವರ್ಣಮ್ಮನಿಗೂ. ಅಳುವ ಮಗುವಿಗೆ "ಅವ್ವ ಇಗಾ ಬಂದ್ಲು" ಎಂದು ಹೇಳಕೂಡದು. ಬಾರದಿದ್ದರೆ ಗಂಟೆಗೂ ಬೆಲೆ ಇಲ್ಲ, ಬೆರಳಿಗೂ ಇಲ್ಲ.

ಜುಲೈ 6, ಭಾನುವಾರ

ತಿಂಗಳ ಮೊದಲ ಭಾನುವಾರ, ಪವಿತ್ರ ಭೋಜನ. ಚರ್ಚಿನಲ್ಲಿ ನಲವತ್ತೊಂದು ಜನ.

ಪಾಸ್ಟರ್ ರೊಟ್ಟಿ ಮುರಿದು, ಕರ್ತನು ಮತ್ತೆ "ಬರುವ ತನಕ" ಅವನ ನೆನಪಿಗೆ ಇದನ್ನು ತಿನ್ನಿ ಎಂಬ ಮಾತಿಗೆ ಬಂದಾಗ ನಾನು ಸೋಮವಾರಕ್ಕೆ ತೊಗರಿಬೇಳೆ ಇದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಹೊಸದಲ್ಲ. ನಮ್ಮ ಮನೆಯವರು ತೀರಿಕೊಂಡ ಮೇಲೆ ಎಂಟು ವರ್ಷದಿಂದ ಹೀಗೇ. ದೇವರ ಮೇಲೆ ಸಿಟ್ಟಿಲ್ಲ. ಹೋಗುತ್ತೇನೆ, ರೊಟ್ಟಿ ತೆಗೆದುಕೊಳ್ಳುತ್ತೇನೆ, ಬರುತ್ತೇನೆ. ರೊಟ್ಟಿ ರೊಟ್ಟಿಯಾಗಿಯೇ ಇರುತ್ತದೆ. ಯಾರಿಗೂ ಹೇಳಿಲ್ಲ.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಜಯಪ್ಪ ಹಿಡಿದು ನಿಲ್ಲಿಸಿದರು. "ಸಿಸ್ಟರ್, ಸೆಪ್ಟೆಂಬರ್ ಏಳಕ್ಕ ಮಕ್ಕಳ ಭಾನುವಾರ. ನೀವು ಸಾಕ್ಷಿ ಹೇಳ್ಬೇಕು. ಏಳು ವರ್ಷ ಸಣ್ಣ ಮಕ್ಕಳ ಜೊತಿ ಅದೀರಿ, ಅವರಿಂದ ನಂಬಿಕಿ ಬಗ್ಗೆ ಏನು ಕಲ್ತ್ರಿ? ಮೂರು ಪಾಯಿಂಟು. ಐದು ನಿಮಿಷ."

"ನನಗ ಮಾತಾಡಾಕ ಬರಂಗಿಲ್ಲ ಪಾಸ್ಟರೇ."

"ಹದಿನಾಲ್ಕು ಮಕ್ಕಳನ್ನ ಸುಮ್ಮನ ಕುಂದ್ರಸ್ತೀರಿ, ನಲವತ್ತು ಮಂದಿ ದೊಡ್ಡೋರು ಯಾವ ಲೆಕ್ಕ?"

ದೊಡ್ಡವರಿಗೆ ಗೂಟ ಇಲ್ಲವಲ್ಲ ಎಂದೆನಿಸಿತು.

ಜುಲೈ 13, ಭಾನುವಾರ

ಪಾಯಿಂಟುಗಳು:

1. ಮಕ್ಕಳ ಮನಸ್ಸಿನಲ್ಲಿ ಕಪಟವಿಲ್ಲ.

ಹೊಡೆದು ಹಾಕಿದೆ. ಶುಕ್ರವಾರ ಕಾವ್ಯ ತನ್ನ ಶೇಂಗಾ ಚಿಕ್ಕಿಯನ್ನು ಚಡ್ಡಿಯೊಳಗೆ ಬಚ್ಚಿಟ್ಟು, "ನನಗ ಕೊಟ್ಟೇ ಇಲ್ಲ" ಎಂದು ಇನ್ನೊಂದು ಇಸಿದುಕೊಂಡಳು. ಕಣ್ಣು ಮಿಟುಕಿಸಲಿಲ್ಲ.

2. ಮಕ್ಕಳು ಬೇಗ ಕ್ಷಮಿಸುತ್ತಾರೆ.

ಕ್ಷಮಿಸುತ್ತಾರೋ ಮರೆಯುತ್ತಾರೋ ಗೊತ್ತಿಲ್ಲ. ಖಾತ್ರಿ ಇಲ್ಲದ್ದನ್ನು ವೇದಿಕೆಯ ಮೇಲೆ ಹೇಳಬಾರದು.

3. —

ಇವರು ಇದ್ದಾಗ ಪೇಪರ್ ಓದಿ ಹೇಳುತ್ತಿದ್ದರು: ಯಾವ ಸುದ್ದಿಯಾದರೂ ಯಾರು ಹೇಳಿದ್ದು ಅಂತ ಮೊದಲು ನೋಡು, ಆಮೇಲೆ ನಂಬು. ನನಗೆ ಅಂಟಿಕೊಂಡ ಚಾಳಿ ಅದು.

ಜುಲೈ 24, ಗುರುವಾರ. ಸಂಜೆ 6.45

ಬರೆದಿಡಬೇಕು, ಆದಂತೆ.

4.30ಕ್ಕೆ ಗಂಟೆ ಹೊಡೆದೆ. 5 ಗಂಟೆಗೆ ಹನ್ನೆರಡು ಮಕ್ಕಳು ಹೋಗಿದ್ದರು. ಉಳಿದವರು ದೇವಿಕಾ, ಹನುಮೇಶ್. ಇಬ್ಬರ ತಾಯಂದಿರೂ ಒಂದೇ ಗುಂಪಿನಲ್ಲಿ ನಾಟಿಗೆ ಹೋದವರು.

5.20ಕ್ಕೆ ಹನುಮೇಶನ ತಾಯಿ ಬಂದಳು. ಮೊಣಕೈಗೆ ಬಟ್ಟೆ ಕಟ್ಟಿತ್ತು. ಸೀರೆಯೆಲ್ಲ ಕೆಸರು. ಮಗನನ್ನು ಎತ್ತಿಕೊಳ್ಳಲಿಲ್ಲ, ಮೊದಲು ನನ್ನ ಹತ್ತಿರ ಬಂದಳು.

"ಟಂಟಂ ಆಟೊ ಪಲ್ಟಿ ಆತ್ರಿ ಅಕ್ಕಾರ. ಬುಕ್ಕಸಾಗರ ದಾಟಿ, ಕಾಲುವಿ ದಂಡಿ ಮ್ಯಾಲ. ನಮಗೆಲ್ಲ ತರಚಿದ್ದಷ್ಟ. ಜಂಬಕ್ಕ ಕೆಳಗ ಸಿಕ್ಕೊಂಡ್ಲು. ಮಾತಾಡವಲ್ಲಳು. ಬಳ್ಳಾರಿಗೆ ಹಾಕ್ಕೊಂಡು ಹೋದ್ರು."

ದೇವಿಕಾ ನನ್ನ ಸೆರಗು ಜಗ್ಗಿದಳು. ನಾಲ್ಕು ಬೆರಳು ಮಡಚಿ ಹೆಬ್ಬೆರಳು ತೋರಿಸಿದಳು.

"ಗಂಟಿ ಆತು. ಅವ್ವ?"

ನಾನು ಹೇಳಿದ್ದು: "ಬಂದ್ಲು ಕೂಸ. ಇಗಾ ಬಂದ್ಲು."

ಏಳು ವರ್ಷದಲ್ಲಿ ಮೊದಲ ಸಲ. ಸುವರ್ಣಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

6 ಗಂಟೆಗೆ ಮೂಕಣ್ಣ ಬಂದು ಮಗುವನ್ನು ಕರೆದುಕೊಂಡು ಹೋದ. ಗೇಟಿನವರೆಗೂ ಹಿಂದೆ ತಿರುಗಿ ನನ್ನನ್ನೇ ನೋಡಿದಳು.

ಜುಲೈ 25, ಶುಕ್ರವಾರ

ಪೇಪರಿನಲ್ಲಿ ಬಂದಿದೆ. ನಾಲ್ಕನೇ ಪುಟ, ಮೂರು ಸಾಲು. ಟಂಟಂ ಪಲ್ಟಿ, ಆರು ಮಹಿಳೆಯರಿಗೆ ಗಾಯ, ಒಬ್ಬರ ಸ್ಥಿತಿ ಗಂಭೀರ. ಕತ್ತರಿಸಿ ಇಲ್ಲಿ ಅಂಟಿಸಿದ್ದೇನೆ. ಹೆಸರು ಹಾಕಿಲ್ಲ. ನನಗೆ ಹೆಸರು ಗೊತ್ತು.

ಕಂಪ್ಲಿಯಿಂದ ಜಂಬಕ್ಕನ ತಂಗಿ ಬಂದು ಆಸ್ಪತ್ರೆಯಲ್ಲಿದ್ದಾಳೆ. ಫೋನ್ ಮಾಡಿದೆ. ತೊಡೆಯ ಎಲುಬು ಎರಡು ಕಡೆ ಮುರಿದಿದೆ. ತಲೆಗೆ ಪೆಟ್ಟು, ಇನ್ನೂ ಎಚ್ಚರವಿಲ್ಲ.

ಮೂಕಣ್ಣ ಮಗುವನ್ನು ತಂದು ಬಿಟ್ಟ. ನನ್ನನ್ನು ಪಕ್ಕಕ್ಕೆ ಕರೆದ.

"ಅವ್ವ ಊರಿಗೆ ಹೋಗ್ಯಾಳ, ಮಿಠಾಯಿ ತರ್ತಾಳ ಅಂತ ಹೇಳೀನ್ರಿ. ನೀವೂ ಹಂಗ ಹೇಳ್ರಿ ಅಕ್ಕಾರ."

"ಸುಳ್ಳು ಹೇಳಿದ್ರ ಹೆಂಗ ಮೂಕಣ್ಣ?"

"ಮತ್ತ ಖರೇ ಹೇಳಿದ್ರ ಏನು ಹೇಳ್ತೀರಿ? ನಿಮಗ ಗೊತ್ತೈತೇನು ಖರೇ ಏನಂತ?"

ಇವತ್ತಿನ ಮಟ್ಟಿಗೆ ಖರೆ ಇಷ್ಟೇ: ಎಚ್ಚರವಿಲ್ಲ. "ಗಂಟಿ ಆದ ಮ್ಯಾಲ ಅವ್ವ ಬರ್ತಾಳ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುವವಳು ನಾನು. ಆ ಮಾತಿಗೆ ಆಧಾರ ಬೇಕು ಎಂದು ಇವತ್ತಿನವರೆಗೆ ಹೊಳೆದಿರಲಿಲ್ಲ. ಪೇಪರಿನವರಾದರೆ "ಚೇತರಿಸಿಕೊಳ್ಳುವ ನಿರೀಕ್ಷೆ ಇದೆ" ಎಂದು ಬರೆಯುತ್ತಾರೆ. ಮೂರು ವರ್ಷದವಳಿಗೆ ಅದನ್ನು ಹೇಗೆ ಹೇಳುವುದು?

ದಿನವಿಡೀ ಟವೆಲ್ ಬಿಡಲಿಲ್ಲ. ಊಟಕ್ಕೂ, ಬಚ್ಚಲಿಗೂ ಅದರ ಜೊತೆಗೇ.

ಜುಲೈ 26, ಶನಿವಾರ

ಅರ್ಧ ದಿನ. ಎಲ್ಲರ ತಾಯಂದಿರೂ ಗೂಟದ ವಸ್ತು ಒಯ್ದರು. ಒಂದು ಗೂಟದಲ್ಲಿ ಮಾತ್ರ ಅರ್ಧ ಟವೆಲ್ ಉಳಿಯಿತು. ಸಾರು, ಸಿಂಬಳ, ಮಣ್ಣು. ಹುಳಿ ನಾತ ಬರುತ್ತಿತ್ತು. ಮಗುವಿಗೆ ಇಷ್ಟಾದರೂ ಮಾಡೋಣವೆಂದು ಬಿಸಿನೀರು, ಡೆಟಾಲ್, ಸಾಬೂನು ಹಾಕಿ ನಾನೇ ತೊಳೆದೆ. ಬಿಸಿಲಿಗೆ ಒಣಗಿಸಿ ಮಡಚಿ ಗೂಟಕ್ಕೆ ಹಾಕಿದೆ. ಬಣ್ಣ ಎದ್ದು ಚೆಂದ ಕಾಣುತ್ತಿದೆ.

ಸಂಜೆ ಫೋನ್. ಜಂಬಕ್ಕ ಕಣ್ಣು ತೆರೆದಿದ್ದಾಳೆ. ಮಾತಾಡಿಲ್ಲ.

ಜುಲೈ 28, ಸೋಮವಾರ

ಬೆಳಿಗ್ಗೆ 9.10. ದೇವಿಕಾ ಬಂದವಳೇ ಗೂಟದಿಂದ ಟವೆಲ್ ಎಳೆದುಕೊಂಡು ಮುಖಕ್ಕೆ ಒತ್ತಿಕೊಂಡಳು. ತೆಗೆದಳು. ಮತ್ತೆ ಒತ್ತಿಕೊಂಡಳು. ಆಮೇಲೆ ನೆಲಕ್ಕೆ ಹಾಕಿದಳು.

"ಇದು ನಮ್ಮವ್ವಂದಲ್ಲ."

"ಅದ ಟವೆಲ್ಲು ಕೂಸ. ನಾ ತೊಳದೀನಿ."

"ಅಲ್ಲ."

ಕಾವ್ಯ ಎತ್ತಿಕೊಂಡು ಮೂಸಿ ನೋಡಿ, ಡಾಕ್ಟರಂತೆ ತಲೆ ಆಡಿಸಿದಳು. "ಸಬಕಾರ ನಾತ. ಟೀಚರ್, ನೀವು ಆಕಿ ಅವ್ವನ್ನ ತೊಳದು ಬಿಟ್ರಿ."

ಅಳಲಿಲ್ಲ ದೇವಿಕಾ. ಅತ್ತಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಿರುತ್ತಿತ್ತು. ಗೋಡೆಗೆ ಒರಗಿ ಕೂತಳು. ಹಾಡಿಗೆ ಬರಲಿಲ್ಲ. ಊಟ ಮುಟ್ಟಲಿಲ್ಲ. ಯಾವ ಬೆರಳನ್ನೂ ಮಡಚಲಿಲ್ಲ.

ಒಬ್ಬ ತಾಯಿ ಬಿಟ್ಟು ಹೋದದ್ದರಲ್ಲಿ ಉಳಿದಿದ್ದದ್ದು ಆ ಒಂದು ವಾಸನೆ. ಅದನ್ನು ನಾನು ಡೆಟಾಲ್ ಹಾಕಿ ತೆಗೆದೆ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಎಂದು ಬರೆಯಬಹುದು. ಬರೆದರೆ ವಾಸನೆ ವಾಪಸ್ ಬರುವುದಿಲ್ಲ.

ಜುಲೈ 29, ಮಂಗಳವಾರ

ಇವತ್ತೂ ಊಟ ಇಲ್ಲ. ಎರಡು ಗುಟುಕು ಹಾಲು ಮಾತ್ರ. ಮನೆಯಲ್ಲೂ ಅಷ್ಟೇ ಎಂದು ಮೂಕಣ್ಣ ಹೇಳಿದ. ಮೈ ಸ್ವಲ್ಪ ಬೆಚ್ಚಗಿದೆ.

ಹನ್ನೊಂದು ಗಂಟೆಗೆ ಹನುಮೇಶ್ ತನ್ನ ಗೂಟದಿಂದ ಕ್ಲಿಪ್ ತೆಗೆದುಕೊಂಡು ಹೋಗಿ ಅವಳ ಮಡಿಲಲ್ಲಿಟ್ಟ. "ನಮ್ಮವ್ವನ್ನ ಇಟ್ಗೋ. ಇವತ್ತೊಂದ ದಿನ." ಅವಳು ಇಟ್ಟುಕೊಂಡಳು. ಮೂರು ಗಂಟೆಗೆ ಅವನು ಎದ್ದು, ತನ್ನ ಗೂಟ ಖಾಲಿ ಇರುವುದು ನೋಡಿ, ಕೋಣೆ ಹಾರುವಂತೆ ಅತ್ತ. ವಾಪಸ್ ಕೇಳೋ ಎಂದರೆ ಕೇಳಲೊಲ್ಲ. "ಕೊಟ್ಟೀನಿ" ಎನ್ನುತ್ತಾನೆ, ಅಳುತ್ತಾನೆ.

ಇದು ಯಾವ ಪಾಯಿಂಟ್ ಎಂದು ಗೊತ್ತಿಲ್ಲ. ಆದರೆ ನಾನು ಚರ್ಚಿಗೆ ಕೊಟ್ಟ ಯಾವ ಕಾಣಿಕೆಗೂ ಮೂರು ಗಂಟೆಯ ಹೊತ್ತಿಗೆ ಹೀಗೆ ಅತ್ತಿಲ್ಲ.

ಸುವರ್ಣಮ್ಮ ಪಾತ್ರೆ ತೊಳೆಯುತ್ತ ಹೇಳಿದಳು. "ನೀ ಬಳ್ಳಾರಿಗೆ ಹೋಗಿ ಬಾ ಸುಧಕ್ಕ. ಹುಡುಗ್ರನ್ನ ನಾ ನೋಡ್ಕೋತೀನಿ. ಟವೆಲ್ ಒಯ್ಯಿ."

"ಒಯ್ದು?"

"ಒಯ್ದು ಏನು, ಜಂಬಕ್ಕನ ಕೊಳ್ಳಾಗ ಹಾಕು. ಹಾಲಿಗೆ ಹೆಪ್ಪು ಹಾಕಂಗಿಲ್ಲೇನು? ಹಂಗ."

ಜುಲೈ 30, ಬುಧವಾರ

6.40ರ ಬಸ್ಸು, ಹೊಸಪೇಟೆಯಲ್ಲಿ ಬದಲಿಸಿ ಬಳ್ಳಾರಿ. ವಾರ್ಡ್ ಹುಡುಕುವಷ್ಟರಲ್ಲಿ 10.30.

ಜಂಬಕ್ಕ ಅರ್ಧ ಆಗಿದ್ದಾಳೆ. ತಲೆಗೆ ಪಟ್ಟಿ. ಕಾಲಿಗೆ ತೂಕ ಕಟ್ಟಿದ್ದಾರೆ. ಆಪರೇಷನ್ ಶುಕ್ರವಾರ. ಮಾತು ಬಂದಿದೆ, ನಿಧಾನ.

ತಪ್ಪು ಒಪ್ಪಿಕೊಂಡೆ. ಟವೆಲ್ ತೊಳೆದದ್ದು, ಮಗು ಉಣ್ಣದಿರುವುದು, ಎರಡೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಮೇಲೆ ನೋಡಿದಳು. ಸಿಟ್ಟು ಬಂತೆಂದುಕೊಂಡೆ. ನೋಡಿದರೆ ನಗುತ್ತಿದ್ದಳು. ನಕ್ಕರೆ ನೋವಾಗುತ್ತದೆಂದು ಬಾಯಿ ಬಿಗಿಹಿಡಿದಿದ್ದಳು.

"ನನ್ನ ಬೆವರಿಗೆ ಇಷ್ಟು ಕಿಮ್ಮತ್ತು ಐತಂತ ಗೊತ್ತಿರ್ಲಿಲ್ರಿ ಅಕ್ಕಾರ. ನೀವು ಭಾಳ ಸ್ವಚ್ಛ ಮಂದಿ. ಕೊಡ್ರಿ ಇಲ್ಲಿ."

ಕುತ್ತಿಗೆಗೆ ಸುತ್ತಿ, ಜಡೆಯ ಕೆಳಗೆ ಸೇರಿಸಿದೆ. ಹನ್ನೊಂದರಿಂದ ಮೂರೂವರೆಯವರೆಗೆ ಹಾಗೇ ಇತ್ತು. ನಡುವೆ ನಿದ್ದೆ ಮಾಡಿದಳು, ಬೆವೆತಳು. ಪಕ್ಕದ ಮಂಚದ ಮುದುಕಿ "ಏನು ಹರಕಿನಾ?" ಎಂದು ಕೇಳಿದಳು. ಹೌದೆಂದೆ. ಉದ್ದ ಕಥೆ.

ಹೊರಡುವಾಗ ಕೇಳಿದೆ. "ದೇವಿಕಾಗ ಏನಂತ ಹೇಳ್ಲಿ? ನಿಮ್ಮಪ್ಪ 'ಅವ್ವ ಊರಿಗೆ ಹೋಗ್ಯಾಳ' ಅಂತ ಹೇಳ್ಯಾನ."

"ಕಾಲು ಮುರದೈತಿ ಅಂತ ಹೇಳ್ರಿ. ಆಕಿ ಬ್ಯಾರೆ ಏನರ ತಿಳಕೊಂಡು ಕುಂತಿರ್ತಾಳ. ಕಾಲು ಮುರದದ್ದು ಅದಕ್ಕಿಂತ ಸಣ್ಣದು."

"ಯಾವಾಗ ಬರ್ತಾಳ ಅಂದ್ರ?"

"ಅದು ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಬರ್ತೀನಂತ ಹೇಳ್ರಿ. ನಾ ಹೇಳೀನಂತ ಹೇಳ್ರಿ."

ಟವೆಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿದೆ. ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡೆ. ಪಕ್ಕದವನು ತಿಂಡಿ ಎಂದುಕೊಂಡಿರಬೇಕು, ಎರಡು ಸಲ ನೋಡಿದ.

ಜುಲೈ 31, ಗುರುವಾರ

ಮೊದಲು ಮೂಕಣ್ಣನಿಗೆ ಹೇಳಿದೆ. ಅವನ ಮಗಳೇ ಹೇಳಿ ಕಳಿಸಿದ್ದು ಎಂದ ಮೇಲೆ ತಲೆ ತಗ್ಗಿಸಿದ. "ನೀವ ಹೇಳ್ರಿ ಹಂಗಾದ್ರ. ನನ್ನ ಕೈಲಿ ಆಗಂಗಿಲ್ಲ." ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತ.

ದೇವಿಕಾ ಎದುರು ಕೂತು ಚೀಲ ಬಿಚ್ಚಿದೆ. ಕೈಯಿಂದ ತಳ್ಳಿದಳು. ಸುಮ್ಮನೆ ಹಿಡಿದುಕೊಂಡು ಕೂತೆ. ಎಷ್ಟು ಹೊತ್ತೆಂದು ನೋಡಲಿಲ್ಲ. ಒಂದು ಅಂಚು ಎಳೆದುಕೊಂಡಳು. ಮೂಸಿದಳು. ಹುಬ್ಬು ಗಂಟಿಕ್ಕಿದಳು.

"ಔಷಧ."

"ಹೌದು. ಅವ್ವ ದವಾಖಾನ್ಯಾಗ ಅದಾಳ. ಕಾಲು ಮುರದೈತಿ. ನೋವು ಐತಿ. ನಾ ನಿನ್ನಿ ನೋಡಿ ಬಂದೀನಿ."

ಮತ್ತೆ ಮೂಸಿದಳು. ಈ ಸಲ ಉದ್ದಕ್ಕೆ. ಅಲ್ಲೇ ಮುಖ ಇಟ್ಟುಕೊಂಡೇ ಕೇಳಿದಳು.

"ಬರ್ತಾಳ?"

"ಬರ್ತೀನಿ ಅಂತ ಹೇಳ್ಯಾಳ. ಆಕಿನ ಹೇಳ್ಯಾಳ, ನನ್ನ ಮುಂದ."

"ಇವತ್ತು?"

"ಇವತ್ತಲ್ಲ. ಯಾವತ್ತಂತ ನನಗ ಗೊತ್ತಿಲ್ಲ. ಅವತ್ತ ನಾ ಇಗಾ ಬಂದ್ಲು ಅಂದೆ, ಅದು ಸುಳ್ಳು. ತಪ್ಪಾತು ಕೂಸ."

ಟವೆಲ್ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದಳು. ಸುವರ್ಣಮ್ಮ ಕೂಗಿದಳು. "ಸುಧಕ್ಕ! ಅನ್ನ ಕೇಳ್ತಾಳ! ಇನ್ನೂ ಕುಕ್ಕರ್ ಸೀಟಿ ಆಗಿಲ್ಲ, ಏನು ಮಾಡ್ಲಿ?"

ಬೆಳಗಿನ ಉಪ್ಪಿಟ್ಟು ಇತ್ತು. ಎರಡು ಸಲ ಹಾಕಿಸಿಕೊಂಡಳು.

ಆಗಸ್ಟ್ 3, ಭಾನುವಾರ

ಪವಿತ್ರ ಭೋಜನ.

ರೊಟ್ಟಿಯ ತುಂಡು ಅಂಗೈಗೆ ಬಂದಾಗ ಯೋಚಿಸದೆ ಮೂಗಿನ ಹತ್ತಿರ ಹಿಡಿದೆ. ಬೇಕರಿ ಬ್ರೆಡ್ಡಿನ ವಾಸನೆ. ಬೇರೇನೂ ಇಲ್ಲ. ಆದರೆ ಅಷ್ಟರಲ್ಲಿ ಪಾಸ್ಟರ್ "ಬರುವ ತನಕ" ಎಂಬಲ್ಲಿಗೆ ಬಂದರು. ಇದೂ ಗೂಟದ ವಸ್ತುವೇ ಎಂದು ಹೊಳೆಯಿತು. ಹೋಗುವವನು ಬಿಟ್ಟು ಹೋದದ್ದು. ನಾನು ಬರುವ ತನಕ ಇದನ್ನು ಹಿಡಿದುಕೊಳ್ಳಿ ಎಂದು ಅವನೇ ಕೈಗೆ ಕೊಟ್ಟದ್ದು. ಅದು ಬರುವವನಲ್ಲ. ಆದರೆ ಅವನದು.

ಮೂವತ್ತು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಇವರು ಹೋದ ಮೇಲೆ ನಂಬಿಕೆಯಲ್ಲಿ ಹುಳಿ ನಾತ ಬಂದಿತ್ತು. ಸಿಟ್ಟು, ಪ್ರಶ್ನೆ, ಅಳು. ಚರ್ಚಿಗೆ ಹೋಗುವವಳಿಗೆ ಇದೆಲ್ಲ ಚೆಂದವಲ್ಲ ಎಂದು ತೊಳೆದು, ಮಡಚಿ, ಗೂಟಕ್ಕೆ ಹಾಕಿದೆ. ಆಮೇಲೆ ಎಂಟು ವರ್ಷ ಮೂಸಿ ನೋಡಿದರೆ ಏನೂ ಬರಲಿಲ್ಲ.

ಇಷ್ಟು ಬರೆದದ್ದೂ ಹೆಚ್ಚೇ. ತೊಗರಿಬೇಳೆ ಇದೆ, ನೋಡಿದ್ದೇನೆ.

ಆಗಸ್ಟ್ 9, ಶನಿವಾರ

ಜಂಬಕ್ಕನ ತಂಗಿ ಇನ್ನು ಮುಂದೆ ವಾರಕ್ಕೊಮ್ಮೆ ಆಸ್ಪತ್ರೆಯಿಂದ ಕಂಪ್ಲಿಗೆ ಹೋಗುವಾಗ ಇಲ್ಲಿಗೂ ಬಂದು ಟವೆಲ್ ಬದಲಿಸಿ ಒಯ್ಯುತ್ತಾಳೆ. ಇನ್ನೊಂದು ಅರ್ಧವೂ ಸಿಕ್ಕಿದೆ. ರಕ್ತದ ಕಲೆ ಹೋಗಿಲ್ಲ, ಆದರೂ ಇಟ್ಟುಕೊಂಡಿದ್ದಾರೆ. ಒಂದು ಅಲ್ಲಿ, ಒಂದು ಇಲ್ಲಿ.

ಈಗ ಇಲ್ಲಿ ಟವೆಲ್ ತೊಳೆಯುವವರಿಲ್ಲ.

ಆಗಸ್ಟ್ 20, ಬುಧವಾರ

ಇವತ್ತು ಬಿಡುಗಡೆ ಎಂದಿದ್ದರು. ಆಗಲಿಲ್ಲ. ಹೊಲಿಗೆಯಲ್ಲಿ ಕೀವು, ಜ್ವರ. ಮತ್ತೊಂದು ಆಪರೇಷನ್ ಆಗಬೇಕಂತೆ. ಫೋನಿನಲ್ಲಿ ತಂಗಿಯ ದನಿ ಸರಿ ಇರಲಿಲ್ಲ. "ಡಾಕ್ಟ್ರು ನೋಡಮು ಅಂತಾರ್ರಿ" ಎಂದಳು, ಎರಡು ಸಲ.

ದಿನಾಂಕವನ್ನು ಮಗುವಿಗೆ ಹೇಳದೆ ಇದ್ದದ್ದು ಒಳ್ಳೆಯದಾಯಿತು. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು.

ಗಂಟೆ ಹೊಡೆದ ಮೇಲೆ ದೇವಿಕಾ ದಿನಾ ಮಾಡುವುದನ್ನೇ ಇವತ್ತೂ ಮಾಡಿದಳು. ಎಲ್ಲರ ಜೊತೆ ಗೇಟಿಗೆ ಹೋದಳು, ಹೆಬ್ಬೆರಳು ಹಿಡಿದು. ಕೊನೆಯ ತಾಯಿ ಹೋಗುವ ತನಕ ನಿಂತಳು. ಆಮೇಲೆ ಹೆಬ್ಬೆರಳನ್ನು ತಾನೇ ಮಡಚಿ, "ಇವತ್ತಲ್ಲ" ಎಂದು ನನಗೆ ಹೇಳಿ, ಅಜ್ಜನ ಕೈ ಹಿಡಿದು ಹೊರಟಳು.

ಮೂಕಣ್ಣ ಗೇಟಿನ ಹೊರಗೆ ಕಣ್ಣು ಒರೆಸಿಕೊಂಡ. "ದಿನಾ ಯಾಕ ನಿಂದ್ರಸ್ತೀರಿ ಅಕ್ಕಾರ? ಸುಮ್ಮನ ಒಳಗ ಆಡಾಕ ಬಿಡ್ರಿ."

"ನಾ ನಿಂದ್ರಸಂಗಿಲ್ಲ ಮೂಕಣ್ಣ. ಆಕಿನ ನಿಂದರ್ತಾಳ."

ರಾತ್ರಿ ಊಟಕ್ಕೆ ಮೊದಲು ಪ್ರಾರ್ಥನೆ ಮಾಡಿದೆ. ಎಂದಿನ ಸ್ತೋತ್ರ, ವಂದನೆ ಏನೂ ಇಲ್ಲ. ಜಂಬಕ್ಕ ಬರಲಿ. ಅಷ್ಟೇ. ಜೋರಾಗಿಯೇ ಹೇಳಿದೆ.

ಆಗಸ್ಟ್ 23, ಶನಿವಾರ

ಆಪರೇಷನ್ ಆಯಿತು. ಜ್ವರ 101.

ಆಗಸ್ಟ್ 25, ಸೋಮವಾರ

ಜ್ವರ 99. ತಂಗಿ ಟವೆಲ್ ಕಳಿಸಿದ್ದಾಳೆ. ದೇವಿಕಾ ಮೂಸಿ, "ಔಷಧ ಕಡಿಮಿ ಆಗೈತಿ" ಎಂದಳು. ಡಾಕ್ಟರ್ ಹೇಳುವುದಕ್ಕಿಂತ ಮೊದಲು.

ಸೆಪ್ಟೆಂಬರ್ 4, ಗುರುವಾರ

ಪಾಸ್ಟರ್ ಫೋನ್. "ಸಿಸ್ಟರ್, ಮೂರು ಪಾಯಿಂಟ್ ಆತಾ?"

"ಒಂದ ಆಗೈತ್ರಿ. ಅದೂ ಪಾಯಿಂಟ್ ಇದ್ದಂಗಿಲ್ಲ."

"ಏನದು?"

"ಬಂದ ಮ್ಯಾಲ ಹೇಳ್ತೀನಿ."

ಸೆಪ್ಟೆಂಬರ್ 6, ಶನಿವಾರ

ಬಂದಳು.

ಶನಿವಾರ ಅರ್ಧ ದಿನ, ಗಂಟೆ 12.30ಕ್ಕೆ. ಹೊಡೆದು ಹತ್ತು ನಿಮಿಷವಾಗಿತ್ತು. ಆಟೊ ನಿಂತಿತು. ಮೊದಲು ವಾಕರ್ ಇಳಿಯಿತು, ಆಮೇಲೆ ತಂಗಿ, ಆಮೇಲೆ ಜಂಬಕ್ಕ. ಮೂಕಣ್ಣ ಹಿಂದಿನಿಂದ ಹಿಡಿದಿದ್ದ. ಮನೆಗೂ ಹೋಗದೆ ನೇರ ಇಲ್ಲಿಗೇ ಬಂದಿದ್ದಾರೆ. ತಲೆಗೆ ಇನ್ನರ್ಧ ಟವೆಲ್ ಸುತ್ತಿದ್ದಳು.

ದೇವಿಕಾ ಗೇಟಿನಲ್ಲಿಯೇ ಇದ್ದಳು. ಓಡಲಿಲ್ಲ. ತಾಯಿಯನ್ನು ನೋಡಿದಳು, ವಾಕರ್ ನೋಡಿದಳು. ತಿರುಗಿ ಒಳಗೆ ಹೋದಳು. ಜಂಬಕ್ಕನ ಮುಖ ಬಾಡಿತು. "ಮರೆತ್ಲೇನ್ರಿ ಅಕ್ಕಾರ?" ಎಂದಳು.

ದೇವಿಕಾ ಗೂಟದಿಂದ ಟವೆಲ್ ತೆಗೆದುಕೊಂಡು ಹೊರಗೆ ಬಂದಳು. ಎರಡೂ ಕೈಯಿಂದ ಮುಂದೆ ಚಾಚಿದಳು.

"ತಗೋ. ನಿಂದು."

"ಇಟ್ಗೋ ದೇವಿ. ನಿನಗಂತ ಕೊಟ್ಟೀನಲ್ಲ."

"ಬ್ಯಾಡ. ನೀ ಬಂದೀ."

ಜಂಬಕ್ಕನಿಗೆ ಬಗ್ಗಲು ಆಗುವುದಿಲ್ಲ. ಮೂಕಣ್ಣ ಮಗುವನ್ನು ಎತ್ತಿ ಅವಳ ಕುತ್ತಿಗೆಯ ಹತ್ತಿರ ಹಿಡಿದ. ದೇವಿಕಾ ಅಲ್ಲಿ ಮೂಗು ಇಟ್ಟಳು. ಆಗ ಅತ್ತಳು, ಜೂನ್ ಒಂಬತ್ತರ ದನಿಯಲ್ಲಿ. ಹನುಮೇಶ್ ಇದ್ದ. ಅವನೂ ಶುರು ಮಾಡಿದ. ಸುವರ್ಣಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಬಳ್ಳಾರಿ ಬಸ್ಸಿನವರು ಇಳದು ಬರ್ತಾರ ಈಗ" ಎಂದಳು.

ಇವತ್ತು ಅತ್ತವರನ್ನು ಎಣಿಸಿಲ್ಲ.

ಸೆಪ್ಟೆಂಬರ್ 7, ಭಾನುವಾರ. ಬೆಳಿಗ್ಗೆ 8.40

ಮಕ್ಕಳ ಭಾನುವಾರ, ಪವಿತ್ರ ಭೋಜನವೂ ಇವತ್ತೇ. ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದೆ. ಹೀಗಿದೆ:

ನಾನು ಮಕ್ಕಳಿಂದ ಕಲಿತದ್ದು ಇದು. ಬರುತ್ತೇನೆ ಎಂದವರು ಯಾರೆಂದು ಗೊತ್ತಿದ್ದರೆ ಯಾವತ್ತು ಎಂಬುದು ಗೊತ್ತಿಲ್ಲದೆಯೂ ಊಟ ಮಾಡಬಹುದು. ಕರ್ತನು ಬರುತ್ತಾನೆ ಎಂದು ನಾನು ಖಾತ್ರಿ ಕೊಡುವುದಕ್ಕೆ ಆಗುವುದಿಲ್ಲ. ಅವನು ಹೇಳಿದ್ದಾನೆ ಎಂದಷ್ಟೇ ಹೇಳಬಲ್ಲೆ. ಅವನು ಕೈಯಲ್ಲಿ ಕೊಟ್ಟು ಹೋದದ್ದನ್ನು ತೊಳೆಯಬೇಡಿ.

ಕೊನೆಯ ಸಾಲು ಯಾರಿಗೂ ಅರ್ಥವಾಗುವುದಿಲ್ಲ. ಟವೆಲ್ಲಿನ ಕಥೆಯನ್ನು ಮೊದಲಿಂದ ಹೇಳಬೇಕಾಗುತ್ತದೆ. ಐದು ನಿಮಿಷ ಸಾಲದು. ಇರಲಿ, ಹೇಳುತ್ತೇನೆ.

ನಿನ್ನೆ ಸಂಜೆ ಹಾಡಿನ ಪ್ರಾಕ್ಟೀಸ್ ಆಯಿತು. ಊಟ ಆಯಿತು. ನಿದ್ದೆಯೂ ಆಯಿತು, ಬಹಳ ದಿನದ ಮೇಲೆ ಒಳ್ಳೆಯ ನಿದ್ದೆ. ಚರ್ಚಿನ ಮೊದಲ ಗಂಟೆ ಹೊಡೆಯುತ್ತಿದೆ. ನೋಡಿದರೆ ಎಡಗೈಯ ನಾಲ್ಕು ಬೆರಳು ಮಡಚಿಕೊಂಡಿದ್ದೇನೆ. ಇನ್ನು ನಿಂತಿರುವುದು ಹೆಬ್ಬೆರಳು —